ಬಾಯಿ ಮುಚ್ಚಿಸಿಕೊಂಡ ಪೈಪು

ನಾನು ಅನುಮಾನದ ಹೆಂಗಸು. ತರಕಾರಿಯವನು ತಾನಾಗಿ ಒಂದು ಹಿಡಿ ಕೊತ್ತಂಬರಿ ಸೊಪ್ಪು ಜಾಸ್ತಿ ಹಾಕಿದರೆ, ಮನೆಗೆ ಬಂದು ಬದನೆಕಾಯಿಯನ್ನೆಲ್ಲ ಸುರಿದು ಹುಳುಕು ಹುಡುಕುತ್ತೇನೆ. ಇಂಥವಳ ಬಳಿ ಹಳೆಯ ಕಾರ್ಬುರೇಟರ್ ಕಾರು ಇರಬಾರದು. ಆದರೆ ಇದೆ. ಮಧುಗಿರಿಯಿಂದ ತೋವಿನಕೆರೆಯ ಶಾಲೆಗೆ ಪಾಠ ಮಾಡಲು ಅದರಲ್ಲೇ ಹೋಗಿಬರುತ್ತೇನೆ. ಬಸ್ಸಿಗೆ ಕಾಯದೆ ಮನಸ್ಸು ಬಂದಾಗ ಹೊರಡುವ ಸುಖವನ್ನು ನನಗೆ ಮೊದಲು ಕಲಿಸಿದ್ದು ಆ ಕಾರು. ಅದೆಂದರೆ ನನಗೆ ಪ್ರಾಣ.

ಈಚೆಗೆ ಅದಕ್ಕೆ ಸೋಮಾರಿತನ ಹತ್ತಿತ್ತು. ಆಕ್ಸಿಲರೇಟರ್ ತುಳಿದರೆ ಯೋಚಿಸಿ ಹೊರಡುತ್ತಿತ್ತು. ಪೆಟ್ರೋಲನ್ನು ಮಾತ್ರ ಯೋಚಿಸದೆ ಕುಡಿಯುತ್ತಿತ್ತು. "ಕೊಟ್ಬುಡಾಣ ಕಣೇ ಇದ್ನ" ಎಂದರು ನಮ್ಮ ಯಜಮಾನರು. ಅಷ್ಟೇ ಅಲ್ಲ, ಪಾವಗಡದ ಗಿರಾಕಿಯೊಬ್ಬರನ್ನು ಹುಡುಕಿ ಭಾನುವಾರಕ್ಕೆ ಬರಹೇಳಿಯೂ ಬಿಟ್ಟರು. ಗ್ಯಾಸ್ ಸಿಲಿಂಡರ್ ಬುಕ್ ಮಾಡಲು ವಾರಗಟ್ಟಲೆ ಮೀನಮೇಷ ಎಣಿಸುವ ಮನುಷ್ಯನಿಗೆ ಇಷ್ಟು ಅವಸರವೇಕೆ? ನನ್ನ ಕಿವಿ ನೆಟ್ಟಗಾಯಿತು.

ಬಾನೆಟ್ ಎತ್ತಿ ನೋಡಿದೆ. ಕಾರ್ಬುರೇಟರಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗಬೇಕಾದ ಸಣ್ಣ ರಬ್ಬರ್ ಪೈಪು ಗೇಣುದ್ದವೂ ಉಳಿದಿರಲಿಲ್ಲ. ಉಳಿದ ಮೋಟು ತುಂಡಿನ ಬಾಯಿಗೆ ಯಾರೋ ಒಂದು ಸ್ಕ್ರೂ ತುರುಕಿದ್ದರು.

ಆ ಪೈಪಿನ ಕೆಲಸ ವಿಚಿತ್ರ. ಅದರಲ್ಲಿ ಪೆಟ್ರೋಲು ಹರಿಯುವುದಿಲ್ಲ, ನೀರೂ ಹರಿಯುವುದಿಲ್ಲ. ಇಂಜಿನ್ ಹಗುರವಾಗಿ ಓಡುವಾಗ ಒಳಗೆ ಹುಟ್ಟುವ ನಿರ್ವಾತ ಈ ಪೈಪಿನ ಮೂಲಕ ಡಿಸ್ಟ್ರಿಬ್ಯೂಟರಿನ ಪಕ್ಕದ ತಗಡಿನ ಡಬ್ಬಿಯೊಳಗಿನ ಪೊರೆಯನ್ನು ಎಳೆಯುತ್ತದೆ. ಆಗ ಕಿಡಿ ಕೊಂಚ ಮುಂಚೆ ಹಾರುತ್ತದೆ, ಕಾರು ಹುಷಾರಾಗುತ್ತದೆ. ಇಲ್ಲದಿರುವುದೂ ಒಂದು ಪದಾರ್ಥವೇ ಎಂದು ನಮ್ಮ ಹಳೆಯ ತಾರ್ಕಿಕರು ವಾದಿಸಿದ್ದರಂತೆ. ಅವರಿಗೆ ಕಾರ್ಬುರೇಟರ್ ಸಿಕ್ಕಿದ್ದರೆ ವಾದ ಬೇಗ ಮುಗಿಯುತ್ತಿತ್ತು.

ಸ್ಕ್ರೂ ತುರುಕಿದವರು ಶಿರಾದ ಅನ್ವರ್ ಭಾಯಿಯೇ ಇರಬೇಕು. ಲ್ಯಾಪ್‌ಟಾಪ್ ಚುಚ್ಚದೆ ಕಾರು ರಿಪೇರಿ ಮಾಡುವ ಮೆಕ್ಯಾನಿಕ್ ನಮಗೆ ಗೊತ್ತಿರುವುದು ಅವರೊಬ್ಬರೇ. ಅವರ ಮೇಲೆ ನನಗೆ ಮೊದಲಿನಿಂದಲೂ ಒಂದು ಗುಮಾನಿ: ಕಾರು ಓಡಿಸುವವಳು ನಾನು, ಆದರೆ ಅವರು ಮಾತಾಡುವುದೆಲ್ಲ ಕ್ಲಚ್ಚು ಯಾವುದು ಬ್ರೇಕು ಯಾವುದು ಗೊತ್ತಿಲ್ಲದ ನಮ್ಮ ಯಜಮಾನರ ಜೊತೆ. ಡಬ್ಬಿ ಒಡೆದುಹಾಕಿ, ಮುಚ್ಚಿಡಲು ಹೀಗೆ ಮಾಡಿದ್ದಾರೆ ಎಂದು ತೀರ್ಮಾನಿಸಿದೆ. ಶನಿವಾರ ಯಜಮಾನರನ್ನೂ ಹತ್ತಿಸಿಕೊಂಡು ಶಿರಾಕ್ಕೆ ಹೊರಟೆ.

"ಭಾಯಿ, ಡಬ್ಬಿ ಒಡೆದಿದೆಯಾ?" ಎಂದೆ.

"ಇಲ್ಲ ಸಾರ್, ಚೆನ್ನಾಗೈತೆ" ಎಂದರು ಭಾಯಿ, ಯಜಮಾನರ ಕಡೆ ನೋಡುತ್ತ.

"ಕೇಳಿದ್ದು ನಾನು."

ಅವರು ಡಬ್ಬಿಗೆ ಹೊಸ ಪೈಪು ಸಿಕ್ಕಿಸಿ ಇನ್ನೊಂದು ತುದಿ ನನ್ನ ಕೈಗೆ ಕೊಟ್ಟರು. "ನೀವೇ ನೋಡಿ ಮೇಡಂ. ಗಾಳಿ ಎಳ್ದು ನಾಲಿಗೆ ಅಡ್ಡ ಇಡಿ. ಅಂಟ್ಕೊಂಡ್ರೆ ಪೊರೆ ಸಲಾಮತ್ತು."

ಎಳೆದೆ. ನಾಲಿಗೆ ಗಪ್ಪನೆ ಅಂಟಿಕೊಂಡಿತು. ಜೀವನದಲ್ಲಿ ನನ್ನ ಬಾಯಿ ಅಷ್ಟು ಚೆನ್ನಾಗಿ ಕಟ್ಟಿದ್ದು ಅದೇ ಮೊದಲು ಎಂದು ಯಜಮಾನರು ಮನಸ್ಸಿನಲ್ಲೇ ಅಂದುಕೊಂಡಿರಬೇಕು. ಬಿಡಿಸಿಕೊಂಡು ಕೇಳಿದೆ: "ಹಾಗಾದರೆ ಸ್ಕ್ರೂ ಯಾಕೆ ಹೊಡೆದಿರಿ?"

ಭಾಯಿ ಯಜಮಾನರನ್ನು ನೋಡಿದರು. ಯಜಮಾನರು ಎದುರಿನ ಮರ ನೋಡಿದರು.

"ಮಾಫ್ ಮಾಡಿ ಸಾರ್, ಇನ್ನು ನನ್ ಕೈಲಾಗಲ್ಲ. ಮೇಡಂ, ಆಯುಧಪೂಜೆಗೆ ಸಾರ್ ಪೈಪ್ ಕಿತ್ತು ಕಾರ್ಬುರೇಟರ್‌ಗೆ ಹುಣಸೆಹಣ್ಣು ಹಾಕಿ ತಿಕ್ಕವ್ರೆ! ಪೈಪ್ ಹರ್ದೋಯ್ತು. ನೀವಿಲ್ದ ಹೊತ್ತಲ್ಲಿ ನನ್ನ ಮನೆಗೆ ಕರೆಸ್ಕೊಂಡ್ರು. ಹೊಸದು ಬರೋಗಂಟ ಗಾಳಿ ಒಳಕ್ಕೋಗ್ದಂಗೆ ಅಂತ ಸ್ಕ್ರೂ ಹಾಕ್ದೆ. ಆಮೇಲೆ ಗಾಡಿ ಕಳಿಸಿ ಅಂದ್ರೆ, ಮೇಡಂಗೆ ಗೊತ್ತಾಗ್ತದೆ ಅಂತ ಇವ್ರು ಕಳಿಸ್ಲೇ ಇಲ್ಲ."

"ಪೈಪ್ ಸಿಗಿಸೋ ಹಿತ್ತಾಳೆ ಮೂತಿ ಕಪ್ಪಗಿತ್ತು ಕಣೇ" ಎಂದರು ಯಜಮಾನರು, ಮರಕ್ಕೆ ಹೇಳುವಂತೆ. "ದೇವರ ದೀಪನೆಲ್ಲ ಬೆಳಗಿದ್ದೆ. ಇದೊಂದು ಯಾಕೆ ಅಂಗೇ ಇರ್ಬೇಕು ಅಂತ..."

ಸಾಕ್ಷಿಯನ್ನೇ ಮಾರಿಬಿಡುವ ಹುನ್ನಾರ! ಸಿಟ್ಟು ನೆತ್ತಿಗೇರಿತು, ಒಂದು ಮೋಟು ಪೈಪಿಗಾಗಿ ನನ್ನ ಕಾರು ಪಾವಗಡ ಸೇರುವುದರಲ್ಲಿತ್ತು. ಆದರೆ ಸಣ್ಣ ಹಿತ್ತಾಳೆ ಕೊಳವೆಯನ್ನು ದೇವರ ದೀಪದ ಜೊತೆ ಸಮಾನವಾಗಿ ಕಂಡ ಗಂಡನನ್ನು ಬಯ್ಯಲು ಬಾಯಿ ತೆರೆದರೆ ನಗು ಬಂತು. ಭಾಯಿ ಪೈಪು ಜೋಡಿಸಿ, ಡಿಸ್ಟ್ರಿಬ್ಯೂಟರನ್ನು ಕೊಂಚ ತಿರುಗಿಸಿ ಕಿಡಿಯ ಟೈಮಿಂಗ್ ಸರಿಮಾಡಿದರು. ವಾಪಸು ಬರುವಾಗ ಕಾರು ತುಳಿಯುವ ಮೊದಲೇ ಹೊರಡುತ್ತಿತ್ತು. ನಾನು ಹೇಳದೆಯೇ ಯಜಮಾನರು ಪಾವಗಡಕ್ಕೆ ಫೋನು ಹಚ್ಚಿ, "ಇಲ್ಲ ಸಾರ್, ಗಾಡಿ ಕೊಡಲ್ಲ. ಅದು ನಮ್ಮನೆಯೋರ್ದು" ಎಂದರು.

ಈಗಲೂ ಹಬ್ಬದ ಮಾರನೆಯ ದಿನ ಬಾನೆಟ್ ಎತ್ತಿ ಪೈಪು ಮುಟ್ಟಿ ನೋಡುತ್ತೇನೆ. ಗಂಡನ ಮೇಲೆ ನಂಬಿಕೆ ಇಲ್ಲವೆಂದಲ್ಲ. ಮನೆಯಲ್ಲಿ ಹುಣಸೆಹಣ್ಣು ಇದ್ದೇ ಇರುತ್ತದಲ್ಲ.