ಮೆತ್ತಗಿನ ಇಂಗ್ಲಿಷಿನ ಅರ್ಜಿ

ನಮ್ಮ ಬಿಲ್ಡಿಂಗಿನ ಎರಡನೇ ಮಹಡಿಯಲ್ಲಿ ಒಂದು ಟ್ಯೂಷನ್ ಕ್ಲಾಸು ನಡೆಯುತ್ತದೆ. ಸಂಜೆ ಕೆಲಸ ಮುಗಿಸಿ ಬಂದು ಲಿಫ್ಟಿಗೆ ಕಾಯುತ್ತ ನಿಂತರೆ ಮೇಲಿನಿಂದ ಮಕ್ಕಳ ರಾಗ ಇಳಿದು ಬರುತ್ತದೆ: ಅಫ್ರೇಡ್ ಆಫ್, ಗುಡ್ ಅಟ್, ಆಂಗ್ರಿ ವಿತ್, ರೆಸ್ಪಾನ್ಸಿಬಲ್ ಫಾರ್. ಮಗ್ಗಿ ಹೇಳುವ ಹಾಗೆ ಕೊನೆಯ ಪುಟ್ಟ ಶಬ್ದವನ್ನು ಎಳೆದು ಹೇಳುತ್ತಾರೆ. ಕೇಳಿದವರಿಗೆ ಅದು ಪಾಪ, ಮಕ್ಕಳ ಓದು. ನನಗೆ ಮೈ ಉರಿಯುತ್ತದೆ. ಜೊತೆಗೆ ಇನ್ನೊಂದೂ ಆಗುತ್ತದೆ. ಚಪ್ಪಲಿಯೊಳಗೆ ನನ್ನ ಕಾಲಿನ ಬೆರಳುಗಳು ನನ್ನನ್ನು ಕೇಳದೆಯೇ ನೆಲವನ್ನು ಒತ್ತಿ ನೋಡುತ್ತವೆ, ಗಟ್ಟಿಯಾಗಿದೆಯೇ ಎಂದು. ಗ್ರಾನೈಟಿನ ನೆಲ, ಗಟ್ಟಿಯಾಗಿಯೇ ಇದೆ. ಆದರೂ ಒತ್ತುತ್ತವೆ.

ಭಾಂಡುಪಿನಲ್ಲಿ ನಾವಿದ್ದದ್ದು ಒಂದು ಚಾಳಿನ ಮೇಲಿನ ಮಹಡಿಯಲ್ಲಿ. ಕೆಳಗೆ ಎಂಟು ಖೋಲಿ, ಮೇಲೆ ಎಂಟು ಖೋಲಿ. ಮೇಲಿನ ಖೋಲಿಗಳ ಮುಂದೆ ಉದ್ದಕ್ಕೂ ಒಂದು ಗ್ಯಾಲರಿ. ಬೆಳಿಗ್ಗೆ ಆ ಗ್ಯಾಲರಿಗೆ ಸೀಮೆಎಣ್ಣೆ, ಒಗ್ಗರಣೆ, ಒದ್ದೆ ಬಟ್ಟೆ, ಯಾರದೋ ಮನೆಯ ಊದುಬತ್ತಿ ಎಲ್ಲ ಸೇರಿದ ಒಂದು ವಾಸನೆ ಇರುತ್ತಿತ್ತು. ನನ್ನ ಬಾಲ್ಯಕ್ಕೆ ಬೇರೆ ಅಂಗಳ ಇರಲಿಲ್ಲ. ಅಪ್ಪ ವಿಕ್ರೋಳಿಯ ಕಾರ್ಖಾನೆಗೆ ಹೋಗುತ್ತಿದ್ದ. ಅಪ್ಪನ ತಮ್ಮ ವಸಂತ ಕಾಕಾ ಧಾರವಾಡದಲ್ಲಿ ಬಿ.ಎ. ಮಾಡಿ ಬಂದು ನಮ್ಮೊಟ್ಟಿಗೇ ಇದ್ದ. ಬಾಂದ್ರಾದ ಒಂದು ಆಫೀಸಿನಲ್ಲಿ ಕ್ಲಾರ್ಕು. ಹೊಸದಾಗಿ ಸೇರಿದಾಗ ಅವನು ಬರೆದ ಒಂದು ಪತ್ರವನ್ನು ಸಾಹೇಬನೊಬ್ಬ ಎಲ್ಲರೆದುರು ಗಟ್ಟಿಯಾಗಿ ಓದಿ ನಗಿಸಿದ್ದನಂತೆ. ಆವತ್ತಿನಿಂದ ಕಾಕಾ ಇಂಗ್ಲಿಷ್ ಶಬ್ದಗಳ ಜೋಡಿಗಳನ್ನು ಒಂದು ವಹಿಯಲ್ಲಿ ಬರೆದಿಡತೊಡಗಿದ. ಯಾವ ಗುಣವಾಚಕದ ನಂತರ ಯಾವ ಪುಟ್ಟ ಶಬ್ದ ಬರಬೇಕು, ಮೊದಲು ಯಾವುದು ನಿಂತರೆ ಚೆಂದ, ಎಲ್ಲ ಅದರಲ್ಲಿತ್ತು. ಡೀಪ್ಲಿ ಗ್ರೇಟ್‌ಫುಲ್ ಟು. ಹೈಲಿ ಕ್ವಾಲಿಫೈಡ್ ಫಾರ್. ಸಂಜೆ ಮನೆಗೆ ಬಂದು ಚಹಾ ಕುಡಿದವನೇ ಗ್ಯಾಲರಿಯಲ್ಲಿ ಚಾಪೆ ಹಾಸಿ ಮಕ್ಕಳನ್ನೆಲ್ಲ ಕೂರಿಸುತ್ತಿದ್ದ. ನಾವೆಲ್ಲ ಮುನಸಿಪಾಲ್ಟಿಯ ಕನ್ನಡ ಶಾಲೆಯವರು. "ಶಬ್ದಕ್ಕ ಸುದ್ದಾ ಸೋಬತಿ ಬೇಕಾಗ್ತದ," ಎನ್ನುತ್ತಿದ್ದ. "ತಪ್ಪು ಸೋಬತಿ ಹಚ್ಚಿದ್ರ ಮಂದಿ ನಗ್ತಾರ." ಬಿಟರ್ಲಿ ಕೋಲ್ಡ್ ಎಂದು ಹೇಳಿಕೊಟ್ಟ ದಿನ, ಅಷ್ಟು ಕೊರೆಯುವ ಥಂಡಿ ಎಲ್ಲಿರುತ್ತದೆ ಎಂದು ನಾನು ಕೇಳಿದೆ. ಮೇ ತಿಂಗಳು, ಎಲ್ಲರ ಬೆನ್ನೂ ಬೆವರಿತ್ತು. ಕಾಕಾ ಸ್ವಲ್ಪ ಯೋಚಿಸಿ, ಬರ್ಫ ತುಂಬಿದ ಮೀನಿನ ಗಾಡಿಯೊಳಗೆ ಎಂದ.

ಅವನನ್ನು ನಾನು ಎಷ್ಟು ಪ್ರೀತಿಸುತ್ತಿದ್ದೆನೆಂದು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥವಾಗಲಿಕ್ಕಿಲ್ಲ.

ಚಾಳಿನ ಅರ್ಜಿಗಳೆಲ್ಲ ಕಾಕಾನ ಕೈಯಿಂದಲೇ ಹೋಗುತ್ತಿದ್ದವು: ರೇಷನ್ ಕಾರ್ಡು, ಶಾಲೆಯ ದಾಖಲೆ, ನೀರಿನ ತಕರಾರು. ಬರೆದ ಮೇಲೆ ಅದನ್ನು ಎಲ್ಲರೆದುರು ಓದುವುದು ಪದ್ಧತಿ. ಖೋಲಿಗಳ ಹೊಸ್ತಿಲುಗಳಲ್ಲಿ ಹೆಂಗಸರು, ಕಟಾಂಜನಕ್ಕೆ ಒರಗಿ ಗಂಡಸರು. ಯಾರಿಗೂ ಪೂರ್ತಿ ತಿಳಿಯುತ್ತಿರಲಿಲ್ಲ, ಆದರೂ ಪೂಜೆಯ ಮಂತ್ರ ಕೇಳುವ ಹಾಗೆ ಕೇಳುತ್ತಿದ್ದರು. ಇಷ್ಟು ಚೆಂದದ ಇಂಗ್ಲಿಷನ್ನು ಯಾರಾದರೂ ತಳ್ಳಿಹಾಕಲು ಸಾಧ್ಯವೇ ಎನ್ನುವ ನಂಬಿಕೆ ಎಲ್ಲರ ಮುಖದ ಮೇಲೂ ಇರುತ್ತಿತ್ತು. ಓದು ಮುಗಿದ ಮೇಲೆ ಒಬ್ಬಳೇ ಬಾಯಿ ಬಿಡುತ್ತಿದ್ದಳು, ಪಕ್ಕದ ಖೋಲಿಯ ಗಿರಿಜಕ್ಕ. ಉಡುಪಿ ಕಡೆಯವಳು. ಗಂಡ ಬಾಂದ್ರಾದ ಒಂದು ಹೋಟೆಲಿನಲ್ಲಿ ಅಡುಗೆ ಭಟ್ಟ, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಮಕ್ಕಳಿರಲಿಲ್ಲ. ಶಾಲೆಯಿಂದ ಬಂದ ನನ್ನ ಜಡೆ ಬಿಚ್ಚಿ ಮತ್ತೆ ಹೆಣೆಯುವುದು ಅವಳ ಹಕ್ಕಾಗಿತ್ತು. ಅವ್ವ ಹೆಣೆದದ್ದು ಅವಳಿಗೆ ಎಂದೂ ಸರಿ ಕಂಡದ್ದಿಲ್ಲ.

ಗಿರಿಜಕ್ಕನ ಬಾಗಿಲ ಮುಂದೆಯೇ ಗ್ಯಾಲರಿ ಮೊದಲು ಕುಸಿಯತೊಡಗಿದ್ದು. ಕೆಳಗಿನ ಕಬ್ಬಿಣದ ತೊಲೆ ತುಕ್ಕು ಹಿಡಿದು ಪದರ ಪದರವಾಗಿ ಉದುರುತ್ತಿತ್ತು. ಬಕೆಟ್ಟು ಇಟ್ಟರೆ ನೀರು ಒಂದು ಕಡೆಗೆ ವಾಲಿ ನಿಲ್ಲುತ್ತಿತ್ತು. ಅವಳು ಕಾಕಾನ ಎದುರು ಕೂತು ಬರೆಸಿದಳು. "ಇದು ಬೀಳ್ತದೆ, ಬಿದ್ರೆ ಜನ ಸಾಯ್ತಾರೆ ಅಂತ ಬರೀರಿ ವಸಂತಣ್ಣ. ಅಷ್ಟೇ ಸಾಕು." ಕಾಕಾ ಮೊದಲು ಹಾಗೇ ಬರೆದ: ಎಕ್ಸ್‌ಟ್ರೀಮ್ಲಿ ಡೇಂಜರಸ್ ಫಾರ್. ಆಮೇಲೆ ಪೆನ್ನು ಕಚ್ಚುತ್ತ ಕೂತ. ಚಾಳಿನ ಮಾಲಕನಿಗೆ ಹಾಗೆ ಬರೆದರೆ ಜಗಳ ತೆಗೆದಂತಾಗುತ್ತದೆ, ಓದಿದ ಮಂದಿ ಹಾಗೆ ಬರೆಯುವುದಿಲ್ಲ ಎಂದ. ಮೊದಲನೆಯ ಶಬ್ದ ಹೊಡೆದು ಹಾಕಿ ಸ್ಲೈಟ್ಲಿ ಎಂದು ಬರೆದ. ಡೇಂಜರಸ್ ಹೋಗಿ ಅನ್‌ಸೇಫ್ ಆಯಿತು. ಸ್ವಲ್ಪ ಅಸುರಕ್ಷಿತ. ಅದರ ಮೇಲೆ, ತಾವು ಇಷ್ಟು ವರ್ಷ ತೋರಿದ ಕಾಳಜಿಗೆ ನಾವು ಡೀಪ್ಲಿ ಗ್ರೇಟ್‌ಫುಲ್ ಎಂದು ಎರಡು ಸಾಲು. ಆ ಮಾಲಕನ ಮುಖವನ್ನು ನಾವು ಯಾರೂ ನೋಡಿಯೇ ಇರಲಿಲ್ಲ. ಶುದ್ಧ ಪ್ರತಿ ಬರೆದವಳು ನಾನು. ಇಡೀ ಚಾಳಿನಲ್ಲಿ ನನ್ನ ಅಕ್ಷರವೇ ದುಂಡಗಿತ್ತು. ಹತ್ತು ವರ್ಷದ ನನಗೆ ಸ್ಲೈಟ್ಲಿ ಎಂದರೆ ಏನೆಂದು ಚೆನ್ನಾಗಿ ಗೊತ್ತಿತ್ತು, ಅವನೇ ಕಲಿಸಿದ್ದ. ಆ ಶಬ್ದವನ್ನು ತುಂಬ ಅಂದವಾಗಿ ಬರೆದೆ.

ಎರಡು ವಾರದ ಮೇಲೆ ಮಾಲಕನ ಮ್ಯಾನೇಜರನಿಂದ ಉತ್ತರ ಬಂತು, ದಪ್ಪ ಕಾಗದದಲ್ಲಿ, ಟೈಪು ಮಾಡಿದ್ದು. ಸದರಿ ವಿಷಯದ ಬಗ್ಗೆ ನಾವು ಫುಲ್ಲಿ ಅವೇರ್ ಆಫ್, ಪೂರ್ಣ ಅರಿವುಳ್ಳವರು, ಎಂದಿತ್ತು. ಮತ್ತೇನೂ ಇರಲಿಲ್ಲ. ಕಾಕಾನ ಸಂಭ್ರಮ ನೋಡಬೇಕಿತ್ತು. ಈ ಚಾಳಿಗೆ ಮಾಲಕರಿಂದ ಕಾಗದ ಬಂದದ್ದೇ ಮೊದಲ ಸಲ. ಅದನ್ನು ಗ್ಯಾಲರಿಯ ಗೋಡೆಗೆ ಅಂಟಿಸಿದ, ಆವತ್ತಿನ ಪಾಠಕ್ಕೆ ಅದೇ ಜೋಡಿ ತೆಗೆದುಕೊಂಡ. ನಾವು ರಾಗವಾಗಿ ಹೇಳಿದೆವು, ನಾನು ಎಲ್ಲರಿಗಿಂತ ಗಟ್ಟಿಯಾಗಿ. ಗಿರಿಜಕ್ಕ ಬಟ್ಟೆ ಒಣಹಾಕುತ್ತಿದ್ದವಳು ತಿರುಗಿ ನೋಡಿದಳು. "ಆ ಕಾಗದವನ್ನು ತೊಲೆಯ ಅಡಿಗೆ ಕೊಡಿ ಮಾರಾಯ್ರೆ," ಎಂದಳು. "ಹಿಡಿದುಕೊಳ್ತದಾ ನೋಡುವ."

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಮರುದಿನ ಅವ್ವನನ್ನೂ ಕೆಳಗಿನ ಮರಾಠಿ ಬಾಯಿಯರನ್ನೂ ಸೇರಿಸಿ, ಹತ್ತು ಹೆಂಗಸರು ಹೋಗಿ ಮ್ಯಾನೇಜರನ ಆಫೀಸಿನ ಬಾಗಿಲಲ್ಲಿ ಕೂರುವುದೆಂದು ಗೊತ್ತು ಮಾಡಿದಳು. ಗ್ಯಾಲರಿಗೆ ಆಸರೆಯ ಕಂಬ ಕೊಡುವವರೆಗೆ ಏಳುವುದಿಲ್ಲ ಎಂದು. ಅವ್ವ ಸೀರೆಯನ್ನೂ ಬದಲಿಸಿದ್ದಳು. ಕಾಕಾ ಮೆಟ್ಟಿಲ ಬಳಿ ಅವ್ವನಿಗೆ ಅಡ್ಡ ನಿಂತ. "ವೈನಿ, ಅವರು ಇಷ್ಟು ಮರ್ಯಾದಿಲೆ ಉತ್ತರಾ ಬರದಾರ. ಈಗ ಹೋಗಿ ಬಾಗಲಾಗ ಕುಂತ್ರ ನಮ್ಮ ಮಾತಿಗೆ ಏನ್ ಕಿಮ್ಮತ್ತು ಉಳೀತು?" ಅಪ್ಪನೂ ತಮ್ಮನ ಪರ. ಓದಿದವನ ಮಾತು. ಹೆಂಗಸರು ಒಬ್ಬೊಬ್ಬರೇ ತಮ್ಮ ಖೋಲಿಗೆ ತಿರುಗಿದರು. ಗಿರಿಜಕ್ಕ ಮಾತ್ರ ಸ್ವಲ್ಪ ಹೊತ್ತು ಚಪ್ಪಲಿ ಮೆಟ್ಟಿಕೊಂಡೇ ಮೆಟ್ಟಿಲ ಮೇಲೆ ನಿಂತಿದ್ದಳು.

ಅದಾಗಿ ಹದಿನೆಂಟನೆಯ ದಿನ, ರವಿವಾರ ಬೆಳಿಗ್ಗೆ. ಇದನ್ನು ನಾನು ಕಣ್ಣೊಳಗೆ ಎಷ್ಟು ಸಲ ನೋಡಿದ್ದೇನೋ, ಲೋಕಲ್ಲಿನಲ್ಲಿ ನಿಂತು, ಆಫೀಸಿನ ಮೀಟಿಂಗಿನ ನಡುವೆ, ಮಗಳಿಗೆ ಊಟ ಬಡಿಸುತ್ತ. ಗಿರಿಜಕ್ಕ ತನ್ನ ಬಾಗಿಲ ಮುಂದೆ ಚಾದರ ಜಾಡಿಸುತ್ತಿದ್ದಳು. ಇನ್ನೊಂದು ತುದಿ ಹಿಡಿಯಲು ನನ್ನನ್ನು ಕರೆದಳು. "ಬಾ ಮಗಾ, ಒಂದು ಕೈ ಹಿಡಿ." ನಾನು ನಮ್ಮ ಹೊಸ್ತಿಲ ಮೇಲೆ ನಿಂತು ಒಂದು ಕಾಲು ಗ್ಯಾಲರಿಯ ಮೇಲೆ ಇಟ್ಟಿದ್ದೆ. ಬರಿಗಾಲು. ಬೆರಳಿನ ಅಡಿಯಲ್ಲಿ ಸಣ್ಣಗೆ ಏನೋ ಜಾರಿತು, ಹಿಟ್ಟಿನ ಡಬ್ಬಿ ಅಲ್ಲಾಡಿಸಿದಾಗ ಆಗುತ್ತದಲ್ಲ, ಹಾಗೆ. ಸದ್ದೇ ಇರಲಿಲ್ಲ. ಮೊದಲು ಧೂಳು ಮೇಲೆದ್ದಿತು. ಅವಳಿಗೂ ಗೊತ್ತಾಯಿತು. ಚಾದರವನ್ನು ಬಿಟ್ಟು ಎರಡೂ ಕೈ ಮುಂದೆ ಮಾಡಿ ನನ್ನನ್ನು ಹಿಂದಕ್ಕೆ ತಳ್ಳುವ ಹಾಗೆ ಗಾಳಿಯನ್ನು ತಳ್ಳಿದಳು. ನಾವು ಒಂದು ಮಾರು ದೂರದಲ್ಲಿದ್ದೆವು, ಅವಳ ಕೈ ನನಗೆ ತಾಗಲಿಲ್ಲ. ನಾನು ಹೊಸ್ತಿಲೊಳಗೆ ಬಿದ್ದೆ. ಎದ್ದು ನೋಡಿದಾಗ ಎದುರಿಗೆ ಎದುರು ಚಾಳಿನ ಗೋಡೆ ಇತ್ತು. ನಡುವೆ ಏನೂ ಇರಲಿಲ್ಲ. ಸದ್ದು ಆಮೇಲೆ ಬಂತು, ಅಥವಾ ನನಗೆ ಆಮೇಲೆ ಕೇಳಿಸಿತು.

ಮಧ್ಯಾಹ್ನ ಎರಡು ಗಂಟೆಗೆ ಮಾಲಕನ ಕಡೆಯ ಆಳುಗಳು ಬಂದು ಉಳಿದ ಗ್ಯಾಲರಿಗೆ ಮರದ ಕಂಬ ಕೊಟ್ಟರು. ನಾನು ಕೂತು ಎಣಿಸಿದೆ. ಏಳು ಕಂಬ. ಚಹಾದ ಹೊತ್ತಿಗೆ ಕೆಲಸ ಮುಗಿದಿತ್ತು. ಇಷ್ಟು ವರ್ಷದ ಮೇಲೂ ನನ್ನ ಸಿಟ್ಟು ಹೊತ್ತಿಕೊಳ್ಳುವುದು ಈ ಒಂದು ಸಂಗತಿಗೆ. ಎರಡು ತಾಸಿನ ಕೆಲಸ.

ಗಿರಿಜಕ್ಕ ಆಸ್ಪತ್ರೆಯಲ್ಲಿ ಎರಡು ದಿನ ಇದ್ದಳು, ಮನೆಗೆ ತಿರುಗಿ ಬರಲಿಲ್ಲ. ಪೊಲೀಸರ ಚೌಕಶಿಗೆ ಬಂದ ಮ್ಯಾನೇಜರು ನನ್ನ ದುಂಡಕ್ಷರದ ಅರ್ಜಿಯನ್ನು ತೋರಿಸಿದ. ನೀವೇ ಸ್ವಲ್ಪ ಎಂದು ಬರೆದಿದ್ದೀರಿ, ನಮಗೆ ಹೇಗೆ ತಿಳಿಯಬೇಕು ಎಂದ. ತುಂಬ ಮರ್ಯಾದೆಯಿಂದ ಹೇಳಿದ. ಮೊದಲು ಬರೆದು ಹೊಡೆದು ಹಾಕಿದ ಪ್ರತಿ ಕಾಕಾನ ವಹಿಯೊಳಗೇ ಇತ್ತು. ತಂದು ತೋರಿಸಲಿಲ್ಲ. ತೋರಿಸಿದರೆ ಹೊಡೆದು ಹಾಕಿದ್ದು ಯಾರು ಎಂದು ಕೇಳುತ್ತಿದ್ದರು. ಆಮೇಲೆ ಅವನು ಯಾವ ಮಕ್ಕಳಿಗೂ ಪಾಠ ಹೇಳಲಿಲ್ಲ. ಮೂವತ್ತು ವರ್ಷ ನಮ್ಮ ನಡುವೆಯೇ ಬದುಕಿ, ಹೋದ ವರ್ಷ ತೀರಿಕೊಂಡ. ನಾನು ಅವನನ್ನು ಒಂದು ಸಲವೂ ಬೈಯಲಿಲ್ಲ. ಬೈದಿದ್ದರೆ ಇಬ್ಬರಿಗೂ ಒಳ್ಳೆಯದಾಗುತ್ತಿತ್ತೋ ಏನೋ. ಶುದ್ಧ ಪ್ರತಿ ಬರೆದ ಕೈ ನನ್ನದು.

ಮಂಗಳವಾರ ಗಿರಿಜಕ್ಕನ ಗಂಡ ಆಸ್ಪತ್ರೆಯಿಂದ ಒಬ್ಬನೇ ಬಂದ, ಅವಳಿಗೆ ಉಡಿಸಲು ಸೀರೆ ಒಯ್ಯಲಿಕ್ಕೆ. ಮೇಲೆ ಅವನ ಮನೆಯ ಬಾಗಿಲು ಬಯಲಿಗೆ ತೆರೆದುಕೊಂಡಿತ್ತು. ಕೆಳಗಿನವರು ಏಣಿ ಹಚ್ಚಿಕೊಟ್ಟರು. ಹತ್ತಿ ಒಳಗೆ ಹೋದವನು ಬಹಳ ಹೊತ್ತು ಹೊರಗೆ ಬರಲಿಲ್ಲ. ಇಳಿದು ಬರುವಾಗ ಹೆಗಲ ಮೇಲೆ ಹಸಿರು ಸೀರೆ ಇತ್ತು. ಒಂದು ಕೈಯಲ್ಲಿ, ಎದೆಗೆ ಆನಿಸಿಕೊಂಡು, ಪಾತ್ರೆಯೊಂದಿತ್ತು. ರವಿವಾರ ಬೆಳಿಗ್ಗೆ ಅವಳು ಇಡ್ಲಿಗೆಂದು ರುಬ್ಬಿಟ್ಟ ಹಿಟ್ಟು. ಹುಳಿ ಬಂದು ಉಕ್ಕಿ ಅಂಚಿನಿಂದ ಇಳಿದು ಒಣಗಿತ್ತು. ಅದನ್ನು ಏಕೆ ತಂದೆನೆಂದು ಅವನಿಗೇ ತಿಳಿಯದು, ಎಲ್ಲಿಡುವುದೆಂದೂ ತಿಳಿಯದು. ಏಣಿಯ ಬುಡದಲ್ಲಿ ಅದನ್ನು ಹಿಡಿದುಕೊಂಡು ನಿಂತಿದ್ದ. ಚಾಳಿನ ಮಂದಿಯೆಲ್ಲ ಸುತ್ತ ನಿಂತಿದ್ದರು. ಕೊನೆಗೆ ಅವ್ವ ಹೋಗಿ, ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಪಾತ್ರೆಯನ್ನು ತನ್ನ ಕೈಗೆ ತೆಗೆದುಕೊಂಡಳು.