ಕಟ್ಟಿನ ನಡುವಿನ ಬೇರು

ನನ್ನ ಅತ್ತೆ ಕೆಲೆರಾ ಮೂವತ್ತು ವರ್ಷ ಯಂಗೋನ ಎಂಬ ಗಿಡದ ಬೇರು ಕುಟ್ಟಿದವಳು. ಗಿಡ ನೆಡುವುದು, ಕಳೆ ಕೀಳುವುದು, ಬೇರು ತೊಳೆದು ತಗಡಿನ ಮೇಲೆ ಒಣಗಿಸುವುದು ಎಲ್ಲವೂ ಅವಳದೇ. ಸಂಜೆ ಗಂಡಸರು ಚಾಪೆಯ ಮೇಲೆ ಕೂತು ಆ ಬೇರಿನ ಪುಡಿ ಕಲಸಿದ ಮಂಪರಿನ ನೀರನ್ನು ಗರಟೆಗಟ್ಟಲೆ ಕುಡಿದು, ಎದೆ ಹಗುರಾಯಿತು ಎನ್ನುವರು. ಅತ್ತೆ ಒಳಗೆ ಅವರಿಗೆ ಮರಗೆಣಸು ಬೇಯಿಸುತ್ತಿರುವಳು.

ಚಂಡಮಾರುತ ನಮ್ಮ ಮಾಡು ಕಿತ್ತೊಯ್ದ ಮೇಲೆ, ಗಾಳಿ ಸ್ವಲ್ಪ ಜೋರಾದರೂ ಅವಳ ಕೈ ನಡುಗಿ ಪಾತ್ರೆ ಜಾರುತ್ತಿತ್ತು.

"ಈ ಮನೇಲಿ ತಟ್ಟೆಗೂ ರೆಕ್ಕೆ ಬಂದಿದೆ," ಎಂದು ಮಾವ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ನಾನು ಅವಳ ಮಗ ಅಪೆನಿಸಾನ ಜೊತೆ ಓಡಿಬಂದವಳು. ಹಾಗಾದಾಗ ನಮ್ಮ ಕಂದಾವು ದ್ವೀಪದಲ್ಲಿ ಗಂಡಿನವರು ಬೇರಿನ ಕಟ್ಟು ಹಿಡಿದು ಹೆಣ್ಣಿನ ಮನೆಗೆ ಹೋಗಿ ಕ್ಷಮೆ ಕೇಳಬೇಕು. ಅವರು ಒಪ್ಪದಿದ್ದರೆ ನಾನಾಗಲಿ, ನನ್ನ ಹೊಟ್ಟೆಯಲ್ಲಿದ್ದ ಕೂಸಾಗಲಿ ಮತ್ತೆಂದೂ ತವರಿಗೆ ಕಾಲಿಡುವಂತಿರಲಿಲ್ಲ.

ಮಾವ ಅತ್ತೆಯನ್ನೂ ನನ್ನನ್ನೂ ಕರೆದುಕೊಂಡು ನನ್ನ ತವರಿಗೆ ಹೋದಾಗ, ಅಪ್ಪ ಮುಖ ಬಿಗಿದುಕೊಂಡೇ ಕಟ್ಟನ್ನು ತೆಗೆದುಕೊಂಡು, ಕುಟ್ಟಲು ಒಳಗೆ ಕಳಿಸಿದರು. ಅಡುಗೆಮನೆಯಲ್ಲಿ ಅಮ್ಮ ಹಗ್ಗ ಬಿಚ್ಚಿದಳು.

"ಇದೇನು ಬೀಗಿತ್ತಿ? ಸುತ್ತ ಬೇರು, ನಡುವೆ ಬರೀ ಕಾಂಡದ ಚೂರು. ನನ್ನ ಮಗಳು ಅಷ್ಟು ಅಗ್ಗವಾ?"

ಅತ್ತೆ ನೆಲ ನೋಡಿದಳು. "ಕಟ್ಟಿದೋಳು ನಾನೇ ಅಕ್ಕಾ. ಬೇರು ಕುಡಿದೋಳೂ ನಾನೇ. ಗಂಡಸರ ಡಬ್ಬಿಗೆ ಕೈ ಹಾಕಿದ್ರೆ ಗೊತ್ತಾಗ್ತಿತ್ತು. ಇದನ್ನ ಯಾರೂ ಬಿಚ್ಚಲ್ಲ ಅಂತ ತೆಗೆದೆ. ಮತ್ತೆ ತುಂಬಿಸೋಣ ಅಂದ್ಕೊಂಡಿದ್ದೆ, ಅಷ್ಟರಲ್ಲಿ ಹೊರಡಿ ಅಂದ್ಬಿಟ್ರು."

"ಯಾಕೆ ಕುಡಿದೆ?"

"ಕೈ ನಿಲ್ಲಲಿ ಅಂತ."

"ನಿಂತಿತಾ?"

"ಒಂಚೂರು."

ಅವಳು ಹಿತ್ತಲಲ್ಲಿ ಒಬ್ಬಳೇ ಗರಟೆ ಎತ್ತುವುದನ್ನು ನಾನು ನೋಡಿದ್ದೆ. 'ನಿಮ್ಮಮ್ಮನಿಗೂ ಚಟ ಹತ್ತಿದೆ' ಎಂದು ಅಪೆನಿಸಾನ ಹತ್ತಿರ ಆಡಿಕೊಂಡಿದ್ದೆ. ಏಕೆಂದು ಅವಳನ್ನು ಒಂದು ಸಲವೂ ಕೇಳಿರಲಿಲ್ಲ.

ಅಮ್ಮ ಕಾಂಡದ ಚೂರುಗಳನ್ನು ಒಲೆಗೆ ತಳ್ಳಿ, ಅಟ್ಟದಿಂದ ಅಪ್ಪನ ಬೇರಿನ ಚೀಲವನ್ನೇ ಇಳಿಸಿದಳು. "ಇವರದ್ದೇ ಇವರಿಗೆ ಕುಡಿಸೋಣ. ಕುಟ್ಟು ಬೀಗಿತ್ತಿ."

ಮೊದಲ ಗರಟೆ ಖಾಲಿ ಮಾಡಿದ ಅಪ್ಪನ ಮುಖ ಸಡಿಲವಾಯಿತು. "ಬೇರು ಅಂದ್ರೆ ಇದು ನೋಡಿ ಬೀಗರೇ. ನಮ್ಮ ಹೊಲದಲ್ಲಿ ಇಂಥದ್ದು ಬೆಳೆಯಲ್ಲ. ಮಗಳನ್ನ ಆಗಾಗ ಕಳಿಸ್ತಿರಿ."

ಒಳಗೆ ಅಮ್ಮ ಅತ್ತೆಗೂ ಒಂದು ಗರಟೆ ಚಾಚಿದಳು. ಅತ್ತೆ ತಲೆ ಅಲ್ಲಾಡಿಸಿ, ನನ್ನ ತವರಿನ ಪಾತ್ರೆಗಳನ್ನೆಲ್ಲ ತೊಳೆಯಲು ಕೂತಳು. ಮುಗಿಯುವವರೆಗೂ ಮೇಲೇಳಲಿಲ್ಲ.

ಈಗ ಗಾಳಿ ಎದ್ದ ದಿನ ನಾನೇ ಬೇರು ಕುಟ್ಟಿ, ಕಲಸಿ ಅವಳ ಮುಂದಿಡುತ್ತೇನೆ. ಅವಳು ನನ್ನ ಮುಖ ನೋಡುವುದಿಲ್ಲ, ಕುಡಿಯುವುದೂ ಇಲ್ಲ. ನಡುಗುವ ಕೈಯಲ್ಲಿ ಗರಟೆಯನ್ನು ತುಳುಕಿಸುತ್ತ ಒಯ್ದು, ಮಾವನ ಚಾಪೆಯ ಪಕ್ಕದಲ್ಲಿಟ್ಟು ಬರುತ್ತಾಳೆ.