ಸೀರೆ ಅಂಗಡಿಯಿಂದ ಕಣ್ಣಿನ ದವಾಖಾನೆಗೆ

ಹತ್ತೊಂಬತ್ತು ವರ್ಷ ನಾನು ಇಳಕಲ್ಲಿನ ಒಂದು ಸೀರೆ ಅಂಗಡಿಯಲ್ಲಿ ಗಾದಿಯ ಮೇಲೆ ಕೂತು ಸೀರೆ ಬಿಚ್ಚಿ ತೋರಿಸಿದವನು. ಹುನಗುಂದದಿಂದ ಬೆಳಿಗ್ಗೆ ಬಸ್ಸು ಹತ್ತಿದರೆ, ಸಂಜೆ ಶಟರ್ ಎಳೆದ ಮೇಲೆಯೇ ವಾಪಸು. ಗಿರಾಕಿಗಳಲ್ಲಿ ನನ್ನ ಪಾಲಿಗೆ ಬರುತ್ತಿದ್ದವರು ಹೆಚ್ಚಾಗಿ ಮುದುಕಿಯರು. ಉಳಿದ ಸೇಲ್ಸ್‌ಮನ್ನರಿಗೆ ಅವರೆಂದರೆ ಬೇಸರ. ಮೂವತ್ತು ಸೀರೆ ಬಿಚ್ಚಿಸುತ್ತಾರೆ, ಸೊಸೆಯ ದೂರು ಹೇಳುತ್ತಾರೆ, ನೀರು ಕುಡಿಯುತ್ತಾರೆ, ಕೊನೆಗೆ ಮೊದಲು ತೋರಿಸಿದ್ದನ್ನೇ ಒಯ್ಯುತ್ತಾರೆ. ನನಗೆ ಮಾತ್ರ ಅವರ ಮಾತು ಕೇಳುವುದೇ ಖುಷಿ. ಸೀರೆ ಮಡಚುತ್ತ ಹೂಂಗುಟ್ಟುತ್ತಿದ್ದೆ.

ಮಾಲೀಕರ ಮನೆಯಲ್ಲಿ ಅಣ್ಣತಮ್ಮಂದಿರು ಬೇರೆಯಾದರು. ಅಂಗಡಿ ಕಿರಿಯವರ ಪಾಲಿಗೆ ಬಂತು. ಅವರು ಸೀರೆಯನ್ನು ಫೋನಿನ ಮುಂದೆ ಹಿಡಿದು ಊರೂರಿಗೆ ಮಾರತೊಡಗಿದರು. ತೋರಿಸಲು ಒಬ್ಬ ಹುಡುಗಿ, ಪಾರ್ಸೆಲ್ ಕಟ್ಟಲು ಒಬ್ಬ ಆಳು ಇದ್ದರೆ ಸಾಕಾಯಿತು. ಗಾದಿ ಸುತ್ತಿಟ್ಟ ದಿನ ಅವರು ನನ್ನನ್ನು ಪಕ್ಕಕ್ಕೆ ಕರೆದು, "ನಿಮಗ ಬರಬ್ಯಾಡ್ರಿ ಅನ್ನಾಕ ನನಗ ಬಾಯಿ ಬರವಲ್ದು. ಆದ್ರ ಕುಂತು ಮಾಡೂ ಕೆಲಸಾನ ಉಳದಿಲ್ರಿ," ಎಂದರು. ನನ್ನ ಹೆಂಡತಿಗೆಂದು ಒಂದು ಸೀರೆ ಕೈಗಿಟ್ಟರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆದರೆ ಮನೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದೆ.

ಮುಂದಿನ ಎರಡು ತಿಂಗಳು ಕೆಲಸ ಹುಡುಕಿದೆ. ಬಾಗಲಕೋಟೆಯ ದೊಡ್ಡ ಬಟ್ಟೆ ಅಂಗಡಿಯೊಂದರಲ್ಲಿ ಕುತ್ತಿಗೆಗೆ ಗುರುತಿನ ಚೀಟಿ ಹಾಕಿಕೊಂಡ ತರುಣ ಮ್ಯಾನೇಜರು ನನ್ನ ವಯಸ್ಸು ಕೇಳಿದ. ನಲವತ್ತಾರು ಎಂದೆ. "ಜೀನ್ಸ್ ಸೆಕ್ಷನ್ ನಡಸ್ತೀರೇನ್ರಿ ಅಂಕಲ್?" ಎಂದು ನಗುತ್ತ ಕೇಳಿದ. ಅಂಕಲ್ ಅಂದಾಗಲೇ ಉತ್ತರ ಸಿಕ್ಕಂತಾಯಿತು. ಪರಿಚಯದವರ ಖಾನಾವಳಿಯಲ್ಲಿ ಗಲ್ಲಾದ ಮೇಲೆ ಕೂತೆ, ಮೂರೇ ದಿನ. ಊಟ ಮಾಡುವವರ ಜೊತೆ ಮಾತಿಗಿಳಿದು ಕುರ್ಚಿ ಖಾಲಿಯಾಗದಂತೆ ಮಾಡುತ್ತೇನೆ ಎಂಬ ತಕರಾರು ಬಂತು. ಸುಳ್ಳು ತಕರಾರೇನಲ್ಲ.

ಅಷ್ಟರಲ್ಲಿ ಅಮೀನಗಡದ ನನ್ನ ದೊಡ್ಡವ್ವನ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಮಾಡಿಸಬೇಕು ಎಂದು ಫೋನ್ ಬಂತು. ಅವಳ ಮಗನಿಗೆ ರಜೆ ಇರಲಿಲ್ಲ.

"ನೀವ ಕರಕೊಂಡು ಹೋಗ್ರಿ. ಮನ್ಯಾಗ ಕುಂತು ಆ ಗ್ವಾಡಿ ಎಷ್ಟು ನೋಡ್ತೀರಿ?" ಎಂದಳು ಹೆಂಡತಿ.

ದೊಡ್ಡವ್ವ ಅಮೀನಗಡದ ಬಸ್ ಸ್ಟಾಪಿನಲ್ಲಿ ಕರದಂಟಿನ ಡಬ್ಬಿ ಹಿಡಿದು ನಿಂತಿದ್ದಳು. ಇದ್ಯಾಕೆ ಎಂದರೆ, "ಡಾಕ್ಟರಗ. ಬಾಯಿ ಸಿಹಿ ಆದ್ರ ಕೈ ಮೆತ್ತಗ ಆಡ್ತೈತಿ," ಎಂದಳು.

ನಾವು ಹೋದ ಬಾಗಲಕೋಟೆಯ ಕಣ್ಣಿನ ದವಾಖಾನೆ ಧರ್ಮಾರ್ಥ ನಡೆಯುವಂಥದ್ದು. ಸುತ್ತಲ ಹಳ್ಳಿಗಳಿಂದ ವ್ಯಾನಿನಲ್ಲಿ ರೋಗಿಗಳನ್ನು ಕರೆತಂದು, ಆಪರೇಷನ್ ಮಾಡಿ, ತಿರುಗಿ ಊರಿಗೆ ಬಿಡುತ್ತಾರೆ. ನಾವು ಹೋದಾಗ ಬೆಂಚುಗಳ ಮೇಲೆ ಹದಿನಾಲ್ಕು ಮಂದಿ ಹಸಿರು ನಿಲುವಂಗಿ ತೊಟ್ಟು ಸಾಲಾಗಿ ಕೂತಿದ್ದರು. ತುಳಸಿಗೇರಿಯಿಂದ ಬಂದ ಒಬ್ಬ ಮುದುಕಿ ಮಾತ್ರ ನಿಲುವಂಗಿ ತೊಡದೆ, ವರಾಂಡದ ಕಂಬ ತಬ್ಬಿಕೊಂಡು ನಿಂತಿದ್ದಳು. ಮೈಸೂರು ಕಡೆಯ ತರುಣ ಡಾಕ್ಟರು ಅವಳ ಮುಂದೆ ಬಗ್ಗಿ, "ಅಜ್ಜಿ, ಭಯ ಪಡಬೇಡಿ. ಇದು ತುಂಬಾ ಸರಳವಾದ ಶಸ್ತ್ರಚಿಕಿತ್ಸೆ," ಎನ್ನುತ್ತಿದ್ದರು.

ಮುದುಕಿ ನರ್ಸಿನ ಕಡೆ ತಿರುಗಿ, "ಇಂವ ಏನಂತಾನ?" ಎಂದಳು.

"ಏನೂ ಆಗೂದಿಲ್ಲ ಅಂತಾರಬೇ, ಬಾ ಒಳಗ!" ನರ್ಸಿನ ದನಿ ಏರಿತ್ತು. ಬೆಳಗಿನಿಂದ ಅವರಿಗೆ ಇದೇ ಕೆಲಸ. ಮುದುಕಿ ಕಂಬವನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡಳು.

ನಾನು ಯಾಕೆ ಎದ್ದೆನೋ ಗೊತ್ತಿಲ್ಲ. ಅವಳು ಉಟ್ಟಿದ್ದ ಇಳಕಲ್ ಸೀರೆ ಕಂಡು ಕಾಲು ತಾನಾಗಿಯೇ ಅತ್ತ ಹೋಯಿತು.

"ಯವ್ವಾ, ಸೀರಿ ಭಾಳ ಚಲೋ ಐತ್ರಿ. ಯಾವಾಗ ತಗೊಂಡಿದ್ದು?"

"ಮೊಮ್ಮಗಳ ಲಗ್ನಕ್ಕ," ಎಂದಳು, ಕಂಬ ಬಿಡದೆ.

"ದಡಿ ಯಾವ ಬಣ್ಣರಿ?"

"ನಾನ ತಗೊಂಡಿದ್ದು, ನನಗ ಗೊತ್ತಿಲ್ಲೇನು? ದಾಳಿಂಬರಿ ಕೆಂಪ!"

"ಹೌದ್ರಿ, ಖರೆ. ಮತ್ತ ಸೆರಗಿನಾಗ ಇಲ್ಲಿ ಹರದೈತಲ್ಲ, ಹೊಲಕೋಬೇಕಿಲ್ಲೇನು?"

ಮುದುಕಿ ಕಂಬ ಬಿಟ್ಟು ಸೆರಗನ್ನು ಕೈಗೆ ತೆಗೆದುಕೊಂಡಳು. ಕಣ್ಣಿನ ಹತ್ತಿರ ತಂದಳು, ದೂರ ಹಿಡಿದಳು. ಅಂಗೈಯಗಲದ ಹರಕು ಅವಳ ಕಣ್ಣಿಗೆ ಕಾಣಲಿಲ್ಲ. ನಾನು ಅವಳ ಬೆರಳು ಹಿಡಿದು ಅದರ ಮೇಲೆ ಇಟ್ಟೆ. ಅವಳು ಆ ಹರಕನ್ನು ಈ ತುದಿಯಿಂದ ಆ ತುದಿಯವರೆಗೆ ಸವರಿದಳು. ಆಮೇಲೆ ಅಲ್ಲೇ ನೆಲಕ್ಕೆ ಕೂತು, ನನ್ನ ಕಿವಿಯ ಹತ್ತಿರ ಬಾಯಿ ತಂದು, ಯಾರ ಮುಂದೆಯೂ ಹೇಳದ್ದನ್ನು ಹೇಳಿದಳು.

"ತಮ್ಮಾ, ಕಣ್ಣಗುಡ್ಡಿ ಹೊರಗ ತಗದು, ತಾಟಿನ್ಯಾಗ ಇಟ್ಟು ತೊಳೀತಾರಂತ. ಮತ್ತ ಇಡೂ ಮುಂದ ಜಾರಿ ಬಿದ್ರ?"

ನನಗೆ ನಗು ಬರಲಿಲ್ಲ. ನಿಜ ಹೇಳಬೇಕೆಂದರೆ, ನನಗೂ ಅದು ಸರಿಯಾಗಿ ಗೊತ್ತಿರಲಿಲ್ಲ. ಗಿರಾಕಿ ಕೇಳಿದ ಬಣ್ಣ ಇದೆಯೋ ಇಲ್ಲವೋ ಎಂಬ ಅನುಮಾನವಿದ್ದರೆ ಒಳಗೆ ಹೋಗಿ ನೋಡಿ ಬರುವುದು ನನ್ನ ರೂಢಿ. ಹಾಗೆಯೇ ಎದ್ದು ಹೋಗಿ ಡಾಕ್ಟರನ್ನು ಕೇಳಿದೆ. ಅವರು ಒಂದು ಕಾಗದದ ಮೇಲೆ ಕಣ್ಣಿನ ಚಿತ್ರ ಬರೆದು ತೋರಿಸಿದರು. ನಾನು ತಿರುಗಿ ಬಂದು ಹೇಳಿದೆ: "ಯವ್ವಾ, ಗುಡ್ಡಿ ಇದ್ದಲ್ಲೇ ಇರ್ತೈತ್ರಿ. ಅದರಾಗಿನ ಒಂದು ಸಣ್ಣ ಬಿಲ್ಲಿ ಮಬ್ಬಾಗೈತಿ. ಅದನ್ನ ತಗದು ಹೊಸಾದು ಕುಂದರಸ್ತಾರ. ತಾಟೂ ಇಲ್ಲ, ತೊಳಿಯೂದೂ ಇಲ್ಲ. ನಾ ಡಾಕ್ಟರನ್ನ ಕೇಳಿಕೊಂಡ ಬಂದೇನಿ."

"ನೀ ಬಾಗಿಲದಾಗ ನಿಂದರ್ತಿ?"

"ನಿಂದರ್ತೇನ್ರಿ."

ಅವಳು ಒಳಗೆ ಹೋದಳು. ಬೆಂಚಿನ ಮೇಲಿದ್ದ ಉಳಿದವರೆಲ್ಲ ನನ್ನನ್ನು ಕರೆಯತೊಡಗಿದರು. ಒಬ್ಬನಿಗೆ ಆಪರೇಷನ್ ಆದ ಮೇಲೆ ತಂಬಾಕು ತಿನ್ನಬಹುದೋ ಎಂಬ ಚಿಂತೆ. ಇನ್ನೊಬ್ಬಳಿಗೆ ನಿಲುವಂಗಿಯ ನಾಚಿಕೆ. ಬಾಗಿಲು ಮತ್ತು ಬೆಂಚಿನ ನಡುವೆ ಓಡಾಡುತ್ತ ನನಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. "ನಾ ಇಲ್ಲಿ ನಿನ್ನ ದೊಡ್ಡವ್ವ ಅದೇನಿ ಇಲ್ಲೋ?" ಎಂದು ದೊಡ್ಡವ್ವ ಕೂಗಿದಾಗಲೇ ನೆನಪಾದದ್ದು.

ಮರುದಿನ ಪಟ್ಟಿ ಬಿಚ್ಚಿದರು. ದೊಡ್ಡವ್ವ ನನ್ನ ಮುಖವನ್ನು ಹತ್ತಿರದಿಂದ ನೋಡಿ, "ಯಾಕೋ, ಇಷ್ಟು ಕೂದಲ ಯಾವಾಗ ಹೋತೋ?" ಎಂದಳು. ಸುತ್ತಲಿನವರೆಲ್ಲ ನಕ್ಕರು. ಡಾಕ್ಟರು ಕರದಂಟು ಬಾಯಿಗೆ ಹಾಕಿಕೊಂಡು ನಗುತ್ತಿದ್ದರು.

ಹೊರಡುವಾಗ ದವಾಖಾನೆಯ ಉಸ್ತುವಾರಿ ನೋಡುವ ಮೇಡಂ ನನ್ನನ್ನು ಕರೆಸಿದರು. ಗದ್ದಲ ಮಾಡಿದ್ದಕ್ಕೆ ಬೈಯುತ್ತಾರೆಂದುಕೊಂಡೆ.

"ನೀವು ಏನ್ ಕೆಲಸ ಮಾಡ್ತೀರಿ?"

"ಸದ್ಯ ಏನಿಲ್ರಿ. ಮೊದಲ ಸೀರಿ ಅಂಗಡ್ಯಾಗ ಇದ್ದೆ."

"ಸೋಮವಾರದಿಂದ ಬರ್ತೀರೇನು? ರೋಗಿಗಳ ಜೋಡಿ ಮಾತಾಡಾಕ ನಮಗ ಒಬ್ಬರು ಬೇಕಾಗ್ಯಾರ. ಓದಿದವರು ಇಬ್ಬರು ಬಂದು ಬಿಟ್ಟು ಹೋದ್ರು."

"ನಾ ಬರೇ ಪಿಯುಸಿರಿ. ದವಾಖಾನಿ ಕೆಲಸ ನನಗೇನ ಗೊತ್ತು?"

"ಅದನ್ನ ನಾವು ಕಲಸ್ತೇವಿ. ನಿನ್ನೆ ನೀವು ಮಾಡಿದ್ದನ್ನ ನಮಗ ಕಲಸಾಕ ಆಗೂದಿಲ್ಲ," ಎಂದರು ಅವರು.

ಮನೆಗೆ ಬಂದು ಹೇಳಿದರೆ ಹೆಂಡತಿ ಮೊದಲು ನಂಬಲಿಲ್ಲ. "ಮಾತಾಡಾಕ ಪಗಾರ ಕೊಡ್ತಾರೇನ್ರಿ?" ಎಂದು ಎರಡು ಸಲ ಕೇಳಿದಳು. ಆಮೇಲೆ ನಕ್ಕಿದ್ದು ನಕ್ಕಿದ್ದೇ. ಸೋಮವಾರ ಬೆಳಿಗ್ಗೆ ನನ್ನ ಡಬ್ಬಿಯಲ್ಲಿ ಎರಡು ರೊಟ್ಟಿ ಹೆಚ್ಚಿಗೆ ಇದ್ದವು.

ಕಲಿಯುವುದು ಸುಲಭವಾಗಿರಲಿಲ್ಲ. ಮರೋಳ ಎಂಬ ಹಳ್ಳಿಯ ಕಣ್ಣಿನ ಶಿಬಿರದಲ್ಲಿ, ಮೊದಲ ವಾರದಲ್ಲೇ, ಒಬ್ಬ ಮುದುಕನ ಎಡಗಣ್ಣಿನ ಮೇಲೆ ಹಚ್ಚಬೇಕಾದ ಆಪರೇಷನ್ನಿನ ಗುರುತಿನ ಪಟ್ಟಿಯನ್ನು ಬಲಗಣ್ಣಿನ ಮೇಲೆ ಹಚ್ಚಿಬಿಟ್ಟೆ. ಎದುರಿಗೆ ಕೂತವರ ಎಡ ನನ್ನ ಬಲವಾಗಿತ್ತು. ನರ್ಸು ಅಲ್ಲೇ ಹಿಡಿದರು. "ಇಲ್ಲಿ ಮಾತು ಆಮ್ಯಾಲ, ಮೊದಲ ಚೀಟಿ ಓದ್ರಿ," ಎಂದರು, ಅಷ್ಟೇ. ಅಂಗಡಿಯಲ್ಲಿ ತಪ್ಪು ಸೀರೆ ಕೊಟ್ಟರೆ ಬದಲಿಸಿ ಕೊಡಬಹುದಿತ್ತು. ಅಂದಿನಿಂದ ಚೀಟಿ ಓದಿ, ರೋಗಿಯಿಂದಲೇ ಕೈಯಿಟ್ಟು ತೋರಿಸಿಕೊಂಡು, ನರ್ಸನ್ನು ಕೇಳಿ, ಆಮೇಲೆಯೇ ಪಟ್ಟಿ ಹಚ್ಚುತ್ತೇನೆ.

ಈಗ ಮೂರನೇ ವರ್ಷ. ವಾರಕ್ಕೆ ಮೂರು ದಿನ ದವಾಖಾನೆ, ಉಳಿದ ದಿನ ವ್ಯಾನಿನಲ್ಲಿ ಬಾದಾಮಿ, ಹುನಗುಂದ ಸೀಮೆಯ ಹಳ್ಳಿಗಳು. ಓದಲು ಬಾರದವರಿಗೆ ನಮ್ಮಲ್ಲಿ ಬೇರೆ ಹಲಗೆ ಇದೆ. ಅದರಲ್ಲಿ ಮೂರು ಹಲ್ಲಿನ ಬಾಚಣಿಗೆಯಂಥ ಗುರುತುಗಳು. ಹಲ್ಲು ಯಾವ ಕಡೆ ಇದೆಯೋ ಆ ಕಡೆ ಕೈ ತೋರಿಸಬೇಕು. ಒಬ್ಬರು ಕೈ ಎತ್ತಿದರೆ ಹಿಂದೆ ಸಾಲಿನಲ್ಲಿ ನಿಂತವರೂ ಎತ್ತುತ್ತಾರೆ. ಶಾಲೆಯ ಕಟ್ಟೆಯ ಮೇಲೆ ಅಜ್ಜ ಅಜ್ಜಿಯರೆಲ್ಲ ಒಟ್ಟಿಗೆ ಮೇಲೆ, ಕೆಳಗೆ, ಅತ್ತ, ಇತ್ತ ಕೈ ಆಡಿಸುವುದನ್ನು ನೋಡಲು ಊರ ಮಂದಿ ನೆರೆಯುತ್ತಾರೆ.

ಕಳೆದ ವರ್ಷ ಬಾದಾಮಿ ಹತ್ತಿರದ ಹಳ್ಳಿಯೊಂದರಲ್ಲಿ ಬೀರಪ್ಪ ದೇವರ ಒಕ್ಕಲಿನ ಒಬ್ಬ ಕುರಿಗಾರ ಅಜ್ಜನ ಮನೆಗೆ ನಾಲ್ಕು ಸಲ ಹೋದೆ. ಎರಡೂ ಕಣ್ಣಿಗೆ ಪೊರೆ. ಹೋದಾಗಲೆಲ್ಲ ಹಾಲು ಹಾಕಿದ ಚಹಾ ಕುಡಿಸಿ, "ಕುರಿ ಯಾರು ನೋಡ್ತಾರ? ದನೀ ಮ್ಯಾಲ ಗುರತ ಹಿಡೀತೇನಿ, ಕಣ್ಣು ಯಾಕ ಬೇಕ?" ಎಂದು ಕಳಿಸುತ್ತಿದ್ದ. ಐದನೆಯ ಸಲ ನಾನು ಕಣ್ಣಿನ ಮಾತೇ ತೆಗೆಯಲಿಲ್ಲ. ಅವನ ತಮ್ಮನನ್ನು ಕಂಡು, ಹದಿನೈದು ದಿನ ಕುರಿ ನೋಡಿಕೊಳ್ಳಲು ಒಪ್ಪಿಸಿ, ಆಮೇಲೆ ಅಜ್ಜನ ಮುಂದೆ ಕೂತೆ. ಅವನು ಹಣೆಗೆ ಬೀರಪ್ಪನ ಭಂಡಾರದ ಅರಿಷಿಣ ಹಚ್ಚಿಕೊಂಡು, "ವ್ಯಾನ ಎಲ್ಲಿ ನಿಂತೈತಿ?" ಎಂದ.

ಆಪರೇಷನ್ ಆಗಿ ಹದಿನೈದು ದಿನವಾದ ಮೇಲೆ ಅವನ ಫೋನ್ ಬಂತು. ಏನಾದರೂ ತೊಂದರೆಯಾಯಿತೇ ಎಂದು ಕೇಳಿದೆ.

"ತ್ರಾಸ ಏನಿಲ್ಲೋ ತಮ್ಮಾ. ಕುರಿ ಬೆಳ್ಳಗ ಅದಾವ ಅಂತ ತಿಳದಿದ್ದೆ. ಒಂದೂ ಬೆಳ್ಳಗಿಲ್ಲಲೇ, ಎಲ್ಲಾ ಕೆಸರಾಗ ಹೊಳ್ಯಾಡ್ಯಾವ! ನನ್ನ ತಮ್ಮ ಕುರಿ ಮೈ ತೊಳದ ಇಲ್ಲ. ಇವತ್ತ ಎಲ್ಲಾನೂ ಹಳ್ಳಕ್ಕ ಹೊಡದೇನಿ."

"ಅಜ್ಜಾ, ನೀವು ಇನ್ನೂ ನೀರಾಗ ಇಳಿಯಂಗಿಲ್ರಿ! ಕಣ್ಣಿಗೆ ನೀರು ಸಿಡೀತೈತಿ," ಎಂದು ವ್ಯಾನಿನಲ್ಲಿ ಕೂತಲ್ಲಿಂದಲೇ ಕೂಗಿದೆ.

"ನಾ ಎಲ್ಲಿ ಇಳದೇನಿ? ದಂಡಿಮ್ಯಾಲ ನಿಂತು ತಮ್ಮನ ಕಡಿಂದ ತೊಳಸಾಕತ್ತೇನಿ. ಎಲ್ಲಿ ಹೊಲಸು ಉಳದೈತಿ ಅಂತ ಎಲ್ಲಾ ಕಾಣತೈತಿ," ಎಂದ ಅಜ್ಜ. ಫೋನಿನ ಆ ತುದಿಯಲ್ಲಿ ಕುರಿಗಳು ಅರಚುತ್ತಿದ್ದವು, ತಮ್ಮ ಏನೋ ಬೈಯುತ್ತಿದ್ದ. ವ್ಯಾನಿನ ಡ್ರೈವರು, ನರ್ಸು, ನಾನು ಮೂವರೂ ಸೇರಿ ನಕ್ಕೆವು.